1970ರ ದಶಕದ ಆಟಗಾರ್ತಿ ಮತ್ತು ಕೋಚ್: ಅಮೆರಿಕದ ಯೂನಿವರ್ಸಿಟಿ ಹಾಲ್ ಆಫ್ ಫೇಮ್‌ಗೆ ನಾಮಿನೇಷನ್ ಬರೆಯೋದು ಹೇಗೆ?

ಹಳೇಬ್ಯಾಚು:

ಎಲ್ಲರಿಗೂ ನಮಸ್ಕಾರ. ಅಮೆರಿಕದ ಮಿಡ್‌ವೆಸ್ಟ್ ಕಡೆಯ ಒಂದು ಸ್ಟೇಟ್ ಯೂನಿವರ್ಸಿಟಿಯ ಅಥ್ಲೆಟಿಕ್ ಹಾಲ್ ಆಫ್ ಫೇಮ್‌ಗೆ (ಕ್ರೀಡಾ ಸಾಧಕರ ಗೌರವ ಪಟ್ಟಿ) ಎರಡು ಹೆಸರು ಕಳಿಸುವ ಕೆಲಸ ನಮ್ಮ ಹಳೆ ವಿದ್ಯಾರ್ಥಿಗಳ ಗುಂಪಿನ ಪಾಲಿಗೆ ಬಂದಿದೆ. ಒಬ್ಬರು 1975ರಿಂದ 1979ರವರೆಗೆ ಬಾಸ್ಕೆಟ್‌ಬಾಲ್ ಆಡಿದವರು, ಟ್ರ್ಯಾಕ್‌ನಲ್ಲಿ 440 ಗಜವನ್ನೂ ಓಡಿದವರು. ಇನ್ನೊಬ್ಬರು ಮಹಿಳಾ ಟ್ರ್ಯಾಕ್ ತಂಡವನ್ನು ಮೊದಲಿನಿಂದ ಕಟ್ಟಿದ ಕೋಚ್, ತೀರಿಕೊಂಡಿದ್ದಾರೆ. ಆಟಗಾರ್ತಿಯ ಹೆಸರನ್ನು ಹಿಂದೊಮ್ಮೆ ಬೇರೆಯವರು ಕಳಿಸಿದ್ದರಂತೆ. ಆಯ್ಕೆಯಾಗಲಿಲ್ಲ, ಕಾರಣವನ್ನೂ ತಿಳಿಸಲಿಲ್ಲ.

ಕೇಳಬೇಕಾಗಿರೋದು ಇಷ್ಟು. ಅಮೆರಿಕದ ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎ ಸಂಸ್ಥೆಯ ರೆಕಾರ್ಡ್ ಬುಕ್‌ನಲ್ಲಿ ಆಟಗಾರ್ತಿಯ ಹೆಸರೇ ಇಲ್ಲ, ಹಾಗಾದರೆ ಅಂಕಿಅಂಶಕ್ಕೆ ಆಧಾರ ಏನು? ಗೆಲುವು-ಸೋಲಿನ ಲೆಕ್ಕವೇ ಇಲ್ಲದ ಟ್ರ್ಯಾಕ್ ಕೋಚ್ ಬಗ್ಗೆ ಏನು ಬರೆಯಬೇಕು? ಶಿಫಾರಸು ಪತ್ರ ಎಷ್ಟಿದ್ದರೆ ಒಳ್ಳೆಯದು? ಆಕೆ ಓದಿನಲ್ಲೂ ಮುಂದಿದ್ದರು, ಅಂಕಪಟ್ಟಿಯನ್ನು ರಿಜಿಸ್ಟ್ರಾರ್ ಕಚೇರಿಯಿಂದ ತರಿಸಬಹುದಾ?

ಬೈಲಾಭಟ್ಟ:

ಮೊದಲು ಆ ಯೂನಿವರ್ಸಿಟಿಯ ಹಾಲ್ ಆಫ್ ಫೇಮ್ ಬೈಲಾ ತರಿಸಿಕೊಳ್ಳಿ. ವೆಬ್‌ಸೈಟ್‌ನಲ್ಲಿ ಸಾಮಾನ್ಯವಾಗಿ ಅರ್ಜಿ ನಮೂನೆ ಮಾತ್ರ ಇರುತ್ತದೆ. ಪೂರ್ತಿ ಬೈಲಾ ಅಥ್ಲೆಟಿಕ್ ಡಿಪಾರ್ಟ್‌ಮೆಂಟ್‌ನಲ್ಲೋ ಲೆಟರ್ (ಯೂನಿವರ್ಸಿಟಿಯ ಮುಖ್ಯ ತಂಡ, ಅಂದರೆ ವಾರ್ಸಿಟಿಯ ಆಟಗಾರರಿಗೆ ಕೊಡುವ ಮನ್ನಣೆ) ಪಡೆದವರ ಕ್ಲಬ್‌ನಲ್ಲೋ ಇರುತ್ತದೆ, ಈಮೇಲ್ ಹಾಕಿದರೆ ಕೊಡುತ್ತಾರೆ. ಎಲ್ಲ ಯೂನಿವರ್ಸಿಟಿಗೂ ಒಂದೇ ನಿಯಮ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಎನ್‌ಸಿಎಎಗೂ ಇದಕ್ಕೂ ಸಂಬಂಧವೇ ಇಲ್ಲ. ಪ್ರತಿ ಯೂನಿವರ್ಸಿಟಿ ತನ್ನದೇ ಕಟ್ಟಳೆ ಮಾಡಿಕೊಂಡಿದೆ.

ಬೈಲಾದಲ್ಲಿ ನೋಡಬೇಕಾದ ಜಾಗಗಳು ಹೇಳ್ತೀನಿ. ಒಂದು, ಆಟ ಬಿಟ್ಟ ಮೇಲೆ ಕಾಯುವ ಅವಧಿ. ಐದು ವರ್ಷ, ಹತ್ತು ವರ್ಷ ಎರಡೂ ಚಾಲ್ತಿಯಲ್ಲಿವೆ. ನಿಮ್ಮ ಇಬ್ಬರಿಗೂ ಅದು ಎಂದೋ ಮುಗಿದಿದೆ, ಆದರೆ ಅದರ ಎದುರು ತುದಿ ನೋಡಿ: ಇಷ್ಟು ವರ್ಷ ದಾಟಿದವರು ಸಾಮಾನ್ಯ ಪಟ್ಟಿಯಿಂದ ಹೊರಬಿದ್ದು 'ವೆಟರನ್ಸ್' ವಿಭಾಗಕ್ಕೆ ಹೋಗುತ್ತಾರೆ ಅನ್ನೋ ನಿಯಮ ಕೆಲವು ಕಡೆ ಇದೆ. ಆ ವಿಭಾಗಕ್ಕೆ ಬೇರೆಯದೇ ಉಪಸಮಿತಿ, ವರ್ಷಕ್ಕೆ ಒಂದೋ ಎರಡೋ ಸ್ಥಾನ. ಹಿಂದಿನವರು ಸಾಮಾನ್ಯ ಅರ್ಜಿ ತುಂಬಿ ಕಳಿಸಿದ್ದರೆ ಅದು ಸರಿಯಾದ ಮೇಜಿಗೆ ಹೋಗದೇ ಇದ್ದಿರಬಹುದು.

ಎರಡನೆಯದು ಡಿಗ್ರಿ. ಕೆಲವು ಕಡೆ ಪದವಿ ಮುಗಿಸಿರಲೇಬೇಕು, ಕೆಲವು ಕಡೆ 'ಒಳ್ಳೆಯ ರೀತಿಯಲ್ಲಿ ಬಿಟ್ಟುಹೋಗಿದ್ದರೆ' ಸಾಕು. ಪದವಿ ಕಡ್ಡಾಯ ಮಾಡಿದರೆ ಎಂಥೆಂಥವರು ಹೊರಗುಳಿಯುತ್ತಾರೆ ಅನ್ನೋದಕ್ಕೆ ಜ್ಯಾಕಿ ರಾಬಿನ್ಸನ್ ಸಾಕು. ಯುಸಿಎಲ್‌ಎಯಲ್ಲಿ ನಾಲ್ಕು ಕ್ರೀಡೆಗಳಲ್ಲಿ ಲೆಟರ್ ಪಡೆದ ಮೊದಲಿಗ, 1940ರ ಎನ್‌ಸಿಎಎ ಲಾಂಗ್‌ಜಂಪ್ ಚಾಂಪಿಯನ್, 1941ರಲ್ಲಿ ಡಿಗ್ರಿ ಮುಗಿಸದೆ ಬಿಟ್ಟವರು.

ಮೂರನೆಯದೇ ನಿಮಗೆ ಮುಖ್ಯ: ಲೆಟರ್. ಆಟಗಾರರ ವಿಭಾಗಕ್ಕೆ ವಾರ್ಸಿಟಿ ಲೆಟರ್ ಪಡೆದಿರಬೇಕು ಅಂತ ಬಹುತೇಕ ಬೈಲಾಗಳಲ್ಲಿದೆ. ಲಿಂಗ ತಾರತಮ್ಯ ನಿಷೇಧಿಸುವ ಟೈಟಲ್ 9 ಕಾನೂನಾದದ್ದು 1972ರ ಜೂನ್‌ನಲ್ಲಿ. ಅದಾದ ಮೇಲೂ ಎಷ್ಟೋ ಯೂನಿವರ್ಸಿಟಿಗಳು ಹೆಣ್ಣುಮಕ್ಕಳಿಗೆ ಹಲವು ವರ್ಷ ಲೆಟರ್ ಕೊಡಲಿಲ್ಲ, ಕೊಟ್ಟರೂ ಬೇರೆ ಥರದ ಸರ್ಟಿಫಿಕೇಟ್ ಕೊಟ್ಟವು. ಹಾಗಾಗಿ 1975-79ರ ಆಟಗಾರ್ತಿಯ ಹೆಸರು ಲೆಟರ್ ಪಟ್ಟಿಯಲ್ಲಿ ಇಲ್ಲದಿರಬಹುದು. ಗುಮಾಸ್ತರ ಹಂತದಲ್ಲೇ 'ಅರ್ಹರಲ್ಲ' ಅಂತ ಷರಾ ಬಿದ್ದು ಫೈಲ್ ಅಲ್ಲೇ ನಿಂತಿರುತ್ತದೆ, ಕಮಿಟಿಯ ಕಣ್ಣಿಗೂ ಬೀಳೋದಿಲ್ಲ. ಮೊದಲು ಲೆಟರ್ ಪಟ್ಟಿ ಪರೀಕ್ಷಿಸಿ. ಇಲ್ಲದಿದ್ದರೆ ಹಿಂದಿನ ದಿನಾಂಕದಿಂದ ಲೆಟರ್ ಮಂಜೂರು ಮಾಡಿ ಅಂತ ಅಥ್ಲೆಟಿಕ್ ಡೈರೆಕ್ಟರ್‌ಗೆ ಪ್ರತ್ಯೇಕ ಪತ್ರ ಬರೆಯಿರಿ, ಜೊತೆಗೆ ತಂಡದ ರೋಸ್ಟರ್ ಮತ್ತು ವಾರ್ಷಿಕ ಸಂಚಿಕೆಯ ಪುಟ ಲಗತ್ತಿಸಿ. ಹೀಗೆ ಕೊಟ್ಟ ಉದಾಹರಣೆಗಳು ಅಮೆರಿಕದಲ್ಲಿ ಬೇಕಾದಷ್ಟಿವೆ. ನಾಮಿನೇಷನ್ ಅದಾದ ಮೇಲೆ.

ಮತದಾನದ ಲೆಕ್ಕ ಗೊತ್ತಿರಲಿ. 15 ಜನರ ಕಮಿಟಿ, ಶೇ. 75 ಬೇಕು ಅಂದುಕೊಳ್ಳಿ. ಒಟ್ಟು ಸದಸ್ಯರ ಶೇ. 75 ಅಂತಿದ್ದರೆ 12 ಮತ ಬೇಕು. ಸಭೆಗೆ 11 ಜನ ಮಾತ್ರ ಬಂದರೆ ದೇವರೇ ಬಂದರೂ ಆಯ್ಕೆಯಾಗಲ್ಲ. 'ಹಾಜರಿದ್ದವರ' ಶೇ. 75 ಅಂತಿದ್ದರೆ 9 ಸಾಕು. ಇನ್ನೊಂದು ತೊಡಕು ಇದೆ. ಒಬ್ಬ ಸದಸ್ಯ ಗರಿಷ್ಠ ಆರು ಹೆಸರಿಗೆ ಮತ ಹಾಕಬಹುದು, ಪಟ್ಟಿಯಲ್ಲಿ 30 ಹೆಸರಿವೆ ಅಂದಾಗ, ಯಾರಿಗೂ ಬೇಡವಾದವರಲ್ಲ, ಎಲ್ಲರಿಗೂ ಏಳನೆಯವರಾದವರೇ ಸೋಲೋದು. ತಿರಸ್ಕಾರಕ್ಕೆ ಕಾರಣ ಕೊಡದಿರೋದೂ ಇದಕ್ಕೇ, ಕಾರಣ ಅಂತ ಒಂದು ಇರೋದೇ ಇಲ್ಲ.

ನಾಮಿನೇಷನ್ ಎಷ್ಟು ವರ್ಷ ಜೀವಂತ ಅಂತಲೂ ನೋಡಿ. ಮೂರು ಅಥವಾ ಐದು ವರ್ಷ ಪಟ್ಟಿಯಲ್ಲಿ ಇಟ್ಟು ಆಮೇಲೆ ತೆಗೆಯುವ ಕ್ರಮ ಸಾಮಾನ್ಯ. ಹಳೆಯ ಫೈಲ್ ಇನ್ನೂ ಜೀವಂತ ಇದ್ದರೆ ಹೊಸ ಅರ್ಜಿ ಬೇಡ, 'ಪೂರಕ ದಾಖಲೆ' ಅಂತ ಸೇರಿಸಿ. ಒಂದೇ ಹೆಸರಿಗೆ ಎರಡು ಫೈಲಾದರೆ ಹಳೆಯ ಬಡಕಲು ಫೈಲೇ ಮೇಜಿನ ಮೇಲೆ ಬರುವ ಅಪಾಯ ಇದೆ.

ಬಾಕ್ಸ್‌ಸ್ಕೋರ್:

ಎನ್‌ಸಿಎಎ ಪುಸ್ತಕದಲ್ಲಿ ಹೆಸರಿಲ್ಲದಿರೋದು ಸಹಜ. ಆಗ ಮಹಿಳಾ ಕ್ರೀಡೆ ಎನ್‌ಸಿಎಎ ಕೈಯಲ್ಲಿ ಇರಲೇ ಇಲ್ಲ. 1971-72ರಿಂದ 1981-82ರವರೆಗೆ ರಾಷ್ಟ್ರೀಯ ಚಾಂಪಿಯನ್‌ಶಿಪ್ ನಡೆಸಿದ್ದು ಎಐಎಡಬ್ಲ್ಯೂ ಅನ್ನೋ ಮಹಿಳೆಯರದೇ ಸಂಸ್ಥೆ. ಡಿವಿಷನ್ 1ರಲ್ಲಿ (ಅತಿ ಮೇಲಿನ ದರ್ಜೆ) ಎನ್‌ಸಿಎಎ ಮಹಿಳಾ ಚಾಂಪಿಯನ್‌ಶಿಪ್ ಶುರುವಾದದ್ದು 1981-82ರಲ್ಲಿ. ಅದಕ್ಕೇ 1982ಕ್ಕೆ ಬಾಸ್ಕೆಟ್‌ಬಾಲ್‌ನಲ್ಲಿ ಇಬ್ಬರು ರಾಷ್ಟ್ರೀಯ ಚಾಂಪಿಯನ್ನರು ಸಿಗುತ್ತಾರೆ, ಎನ್‌ಸಿಎಎ ಕಡೆ ಲೂಸಿಯಾನಾ ಟೆಕ್, ಎಐಎಡಬ್ಲ್ಯೂ ಕಡೆ ರಟ್ಗರ್ಸ್.

ನಾಮಿನೇಷನ್‌ನ ಮೊದಲ ಪುಟದಲ್ಲೇ ಇದನ್ನು ಎರಡು ಸಾಲಲ್ಲಿ ಹೇಳಿಬಿಡಿ. ಕಮಿಟಿಯ ಅರ್ಧ ಜನಕ್ಕೆ ಈ ಇತಿಹಾಸ ಗೊತ್ತಿರಲ್ಲ. ತೂಕ ತಿಳಿಸಲು ಒಂದು ಹೋಲಿಕೆ ಕೊಡಿ: ಕ್ಯಾನ್ಸಸ್‌ನ ಲಿನೆಟ್ ವುಡರ್ಡ್ 1977-81ರಲ್ಲಿ 139 ಪಂದ್ಯಗಳಿಂದ 3,649 ಪಾಯಿಂಟ್ ಗಳಿಸಿದರು. ಅಯೋವಾದ ಕೇಟ್ಲಿನ್ ಕ್ಲಾರ್ಕ್ 2020-24ರಲ್ಲಿ ಅಷ್ಟೇ 139 ಪಂದ್ಯಗಳಿಂದ 3,951. ಆದರೆ ವುಡರ್ಡ್ ಕಾಲದಲ್ಲಿ ಮೂರು ಪಾಯಿಂಟ್ ಗೆರೆಯೇ ಇರಲಿಲ್ಲ, ಅದು ಮಹಿಳಾ ಕಾಲೇಜು ಆಟಕ್ಕೆ ಬಂದದ್ದು 1987-88ರಲ್ಲಿ. ಚೆಂಡೂ ಗಂಡಸರ ದೊಡ್ಡ ಚೆಂಡೇ, 28.5 ಇಂಚು ಸುತ್ತಳತೆಯ ಚಿಕ್ಕ ಚೆಂಡು 1984-85ರಿಂದ. ಸಣ್ಣ ಕಾಲೇಜುಗಳ ಕಡೆ ಪರ್ಲ್ ಮೂರ್ 4,061 ಪಾಯಿಂಟ್ ಗಳಿಸಿದ್ದಾರೆ, ಅದರಲ್ಲಿ ಫ್ರಾನ್ಸಿಸ್ ಮರಿಯನ್‌ಗೆ ಆಡಿದ್ದು 3,884, ಉಳಿದದ್ದು ಜೂನಿಯರ್ ಕಾಲೇಜಿನದು. ಇಂಥ ಭಾಗವನ್ನು ಮುಚ್ಚಿಡದೆ ಬಿಡಿಸಿ ಬರೆಯಬೇಕು. ಕಮಿಟಿಯಲ್ಲಿ ಒಬ್ಬರಾದರೂ ಕೂಡಿಸಿ ನೋಡುತ್ತಾರೆ.

ಗಂಡಸರ ವಿಷಯದಲ್ಲೂ ಇದೇ ಪಾಠ. ಪೀಟ್ ಮಾರವಿಚ್ 3,667 ಪಾಯಿಂಟ್ ಗಳಿಸಿದ್ದು ಬರೀ 83 ಪಂದ್ಯಗಳಲ್ಲಿ, ಸರಾಸರಿ 44.2. ಮೂರೇ ಸೀಸನ್ ಯಾಕೆ ಅಂದರೆ ಆಗ ಮೊದಲ ವರ್ಷದವರಿಗೆ ವಾರ್ಸಿಟಿ ಬಾಸ್ಕೆಟ್‌ಬಾಲ್ ಆಡಲು ಅನುಮತಿ ಇರಲಿಲ್ಲ, 1972ರಿಂದ ಬಂತು. ಹಾಗಾಗಿ ಒಟ್ಟು ಮೊತ್ತದ ಪಕ್ಕದಲ್ಲಿ ಪಂದ್ಯಗಳ ಸಂಖ್ಯೆ ಮತ್ತು ಸರಾಸರಿ ಇಲ್ಲದ ಟೇಬಲ್ ಹಾಕಲೇಬೇಡಿ. ಆಕೆಯ ಕಾಲದಲ್ಲಿ ಸೀಸನ್‌ಗೆ 20-25 ಪಂದ್ಯ ಆಡಿದ್ದರೆ ಇಂದಿನ 30-35 ಪಂದ್ಯಗಳ ಮೊತ್ತದ ಎದುರು ಸೋಲೋದು ಖಚಿತ, ಸರಾಸರಿಯಲ್ಲಿ ಗೆಲ್ಲಬಹುದು.

ಅಂಕಿಅಂಶ ಕಟ್ಟುವ ಕೆಲಸ ಹೀಗೆ. ಮೀಡಿಯಾ ಗೈಡ್‌ನಿಂದ (ಪತ್ರಕರ್ತರಿಗಾಗಿ ಪ್ರತಿ ವರ್ಷ ತರುವ ತಂಡದ ಮಾಹಿತಿ ಪುಸ್ತಕ) ಶುರುಮಾಡಿ, ಆದರೆ ಅಲ್ಲೇ ನಿಲ್ಲಬೇಡಿ. ಒಂದು ವರ್ಷದ ಗೈಡ್‌ನಲ್ಲಿ ಬಂದ ಅಚ್ಚಿನ ತಪ್ಪು ಮುಂದಿನ ಇಪ್ಪತ್ತು ವರ್ಷದ ಗೈಡ್‌ಗಳಲ್ಲೂ ಹಾಗೇ ಸಾಗಿರುತ್ತದೆ. ಯೂನಿವರ್ಸಿಟಿ ಆರ್ಕೈವ್ಸ್‌ನಲ್ಲಿ ಸ್ಕೋರ್‌ಬುಕ್ ಇದೆಯಾ ಕೇಳಿ. ಮಹಿಳಾ ತಂಡದ ಕಾಗದ ಎಷ್ಟೋ ಕಡೆ ಅಥ್ಲೆಟಿಕ್ಸ್ ಪೆಟ್ಟಿಗೆಯಲ್ಲಿ ಇರಲ್ಲ, ದೈಹಿಕ ಶಿಕ್ಷಣ ವಿಭಾಗದ ಪೆಟ್ಟಿಗೆಯಲ್ಲಿ ಇರುತ್ತದೆ, ಯಾಕಂದರೆ ಆಗ ತಂಡ ನಡೆಸುತ್ತಿದ್ದದ್ದೇ ಆ ವಿಭಾಗ. ಅಲ್ಲೂ ಇಲ್ಲದಿದ್ದರೆ ವಿದ್ಯಾರ್ಥಿ ಪತ್ರಿಕೆ, ಆಮೇಲೆ ಎದುರಾಳಿ ಕಾಲೇಜಿನ ಊರಿನ ಪತ್ರಿಕೆ. ಮದುವೆಯಾದ ಮೇಲೆ ಹೆಸರು ಬದಲಾಗಿದ್ದರೆ ಎರಡೂ ಹೆಸರಲ್ಲಿ ಹುಡುಕಿ.

ಪಂದ್ಯಕ್ಕೊಂದು ಸಾಲು: ದಿನಾಂಕ, ಎದುರಾಳಿ, ಎಲ್ಲಿ, ಫೀಲ್ಡ್ ಗೋಲ್, ಫ್ರೀ ಥ್ರೋ, ಪಾಯಿಂಟ್, ರೀಬೌಂಡ್, ಮೂಲ. ಹಳೆಯ ಪತ್ರಿಕೆಯಲ್ಲಿ '7 4-6 18' ಅಂತ ಒಂದು ಸಾಲು ಇರುತ್ತದೆ. ಏಳು ಬುಟ್ಟಿ, ಆರು ಫ್ರೀ ಥ್ರೋದಲ್ಲಿ ನಾಲ್ಕು, ಒಟ್ಟು 18. ಮೂರು ಪಾಯಿಂಟ್ ಇಲ್ಲದ ಕಾಲ ಆದ್ದರಿಂದ ಪರೀಕ್ಷೆ ಸುಲಭ: ಬುಟ್ಟಿಯ ಎರಡರಷ್ಟು ಕೂಡಿಸು ಫ್ರೀ ಥ್ರೋ ಪಾಯಿಂಟ್‌ಗೆ ಸಮ ಬರಲೇಬೇಕು. 7ರ ಜಾಗದಲ್ಲಿ 1 ಅಂತ ಸ್ಕ್ಯಾನ್ ಓದಿಕೊಂಡಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ. ಆಮೇಲೆ ತಂಡದ ಎಲ್ಲರ ಪಾಯಿಂಟ್ ಕೂಡಿಸಿ, ಸ್ಕೋರ್‌ಗೆ ತಾಳೆ ಆಗಬೇಕು. ಆಗದ ಪಂದ್ಯಕ್ಕೆ ಒಂದು ಗುರುತು ಹಾಕಿ ಬಿಡಿ, ಊಹೆ ಮಾಡಿ ತುಂಬಬೇಡಿ.

ಅಸಿಸ್ಟ್ (ಬುಟ್ಟಿಗೆ ದಾರಿ ಮಾಡಿದ ಪಾಸ್), ಸ್ಟೀಲ್ (ಎದುರಾಳಿಯಿಂದ ಚೆಂಡು ಕಸಿದದ್ದು), ಬ್ಲಾಕ್ (ಎಸೆತ ತಡೆದದ್ದು) ಬಗ್ಗೆ ಎಚ್ಚರ. ಗಂಡಸರ ಬಾಸ್ಕೆಟ್‌ಬಾಲ್‌ನಲ್ಲೇ ಬ್ಲಾಕ್, ಸ್ಟೀಲ್ ಎನ್‌ಸಿಎಎ ಅಧಿಕೃತ ಲೆಕ್ಕಕ್ಕೆ ಬಂದದ್ದು 1985-86ರಿಂದ. ಬಿಲ್ ರಸೆಲ್ 1955, 1956ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಯೂನಿವರ್ಸಿಟಿಗೆ ಎರಡು ರಾಷ್ಟ್ರೀಯ ಪಟ್ಟ ತಂದರೂ ಆತನ ಬ್ಲಾಕ್‌ಗಳಿಗೆ ಅಧಿಕೃತ ಲೆಕ್ಕವಿಲ್ಲ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಟ್ಯಾಕಲ್, ಸ್ಯಾಕ್ ಲೆಕ್ಕ 2000ದಿಂದ. ಆಕೆಯ ಸ್ಟೀಲ್ ಸಂಖ್ಯೆ ಎಲ್ಲೋ ಅರ್ಧಂಬರ್ಧ ಸಿಕ್ಕರೆ 'ಲಭ್ಯವಿರುವ ಇಷ್ಟು ಪಂದ್ಯಗಳಲ್ಲಿ ಇಷ್ಟು' ಅಂತ ಬರೆಯಿರಿ.

ಹಳೇಬ್ಯಾಚು:

ಇಬ್ಬರಿಗೂ ಧನ್ಯವಾದ. ಲೆಟರ್ ವಿಷಯ ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ. ಎರಡು ಅನುಮಾನ. ಟ್ರ್ಯಾಕ್ ಟೈಮ್‌ಗಳು ಗಜದಲ್ಲೂ ಇವೆ, ಮೀಟರ್‌ನಲ್ಲೂ ಇವೆ, ಕೆಲವು ಕೈಯಲ್ಲಿ ಸ್ಟಾಪ್‌ವಾಚ್ ಒತ್ತಿ ತೆಗೆದ ಟೈಮ್. ಎಲ್ಲವನ್ನೂ ಇಂದಿನ ಮೀಟರ್ ಟೈಮ್‌ಗೆ ಪರಿವರ್ತಿಸಿ ಒಂದೇ ಪಟ್ಟಿ ಮಾಡಿದರೆ ಓದಲು ಸುಲಭ ಅಲ್ಲವೇ? ಇನ್ನು ಕೋಚ್ ಮೊದಲು ಬೇರೊಂದು ಕಾಲೇಜಿನಲ್ಲೂ ಕೆಲಸ ಮಾಡಿದ್ದರು, ಅದನ್ನೂ ಸೇರಿಸಬಹುದಾ?

ಸ್ಟಾಪ್‌ವಾಚ್:

ಪರಿವರ್ತಿಸಿದ ಒಂದೇ ಪಟ್ಟಿ ಬೇಡ. ಓಡಿದ್ದು ಏನೋ ಅದೇ ಮೊದಲ ಕಾಲಂ. ಪರಿವರ್ತನೆ ಪಕ್ಕದ ಕಾಲಂ, ಹೇಗೆ ಮಾಡಿದಿರಿ ಅನ್ನೋದು ಅಡಿಯಲ್ಲಿ.

440 ಗಜ ಅಂದರೆ 402.34 ಮೀಟರ್. 400ಕ್ಕೆ ತರಲು ಸುಮಾರು 0.3 ಸೆಕೆಂಡ್ ಕಳೆಯೋದು ರೂಢಿ. ಕೈ ಟೈಮ್‌ನ ಕಥೆ ಬೇರೆ: ಬಂದೂಕಿನ ಹೊಗೆ ಕಂಡ ಮೇಲೆ ಬೆರಳು ಒತ್ತೋದು ತಡವಾಗುತ್ತದೆ, ಮುಕ್ತಾಯದ ಗೆರೆಯಲ್ಲಿ ಓಟಗಾರ್ತಿ ಬರೋದು ಮೊದಲೇ ಕಾಣುವುದರಿಂದ ಅಲ್ಲಿ ತಡವಾಗಲ್ಲ. ಹಾಗಾಗಿ ಕೈ ಟೈಮ್ ನಿಜಕ್ಕಿಂತ ಚೆನ್ನಾಗಿ ಕಾಣುತ್ತದೆ. ಎಲೆಕ್ಟ್ರಾನಿಕ್ ಟೈಮ್‌ಗೆ ಹೋಲಿಸಲು 100, 200 ಮೀಟರ್‌ಗೆ 0.24, 400 ಮೀಟರ್‌ಗೆ 0.14 ಸೆಕೆಂಡ್ ಕೂಡಿಸುತ್ತಾರೆ. 440 ಗಜದಲ್ಲಿ ಕೈ ಟೈಮ್ 56.2 ಅಂತಿದ್ದರೆ 0.3 ಕಳೆದು 55.9, ಅದಕ್ಕೆ 0.14 ಕೂಡಿಸಿ 56.04. ಅದಕ್ಕಿಂತ ಮುಂದಕ್ಕೆ ಹೋಗಬೇಡಿ. 100 ಗಜ ಅಂದರೆ 91.44 ಮೀಟರ್, ಅದನ್ನು 100 ಮೀಟರ್‌ಗೆ ಎಳೆಯೋದು ಊಹೆಯಾಗುತ್ತದೆ, ಇದ್ದ ಹಾಗೇ ಬಿಡಿ. 56.20 ಅಂತ ಕೈ ಟೈಮ್‌ಗೆ ಸೊನ್ನೆ ಅಂಟಿಸೋದೂ ತಪ್ಪು. ಎರಡು ದಶಮಾಂಶ ಇದ್ದರೆ ಎಲೆಕ್ಟ್ರಾನಿಕ್ ಅಂತಲೇ ತಿಳಿದವರು ಓದುತ್ತಾರೆ, ಆಮೇಲೆ ಇಡೀ ಫೈಲ್ ಮೇಲೆ ಅನುಮಾನ.

ಇದಕ್ಕಿಂತ ಬಲವಾದದ್ದು ಸ್ಥಾನ. ಟೈಮ್ ಕಾಲಕ್ಕೆ ತಕ್ಕಂತೆ ಸವೆಯುತ್ತದೆ, ಸಿಂಥೆಟಿಕ್ ಟ್ರ್ಯಾಕ್, ಶೂ, ತರಬೇತಿ ಎಲ್ಲ ಬದಲಾಗಿವೆ. ಕಾನ್ಫರೆನ್ಸ್ (ತಮ್ಮತಮ್ಮಲ್ಲಿ ಸ್ಪರ್ಧಿಸುವ ಯೂನಿವರ್ಸಿಟಿಗಳ ಕೂಟ) ಮೀಟ್‌ನಲ್ಲಿ ಎರಡನೆಯವರು ಅನ್ನೋದು ಸವೆಯಲ್ಲ. ಜೆಸ್ಸಿ ಓವೆನ್ಸ್ 1935ರ ಮೇ 25ರಂದು ಆ್ಯನ್ ಆರ್ಬರ್‌ನಲ್ಲಿ 220 ಗಜ ಓಡಿದ 20.3 ಸೆಕೆಂಡ್ ಇಂದಿನವರಿಗೆ ಬೆರಗು ಹುಟ್ಟಿಸದೇ ಇರಬಹುದು. ಮುಕ್ಕಾಲು ಗಂಟೆಯಲ್ಲಿ ಮೂರು ವಿಶ್ವದಾಖಲೆ ಮುರಿದು ಇನ್ನೊಂದನ್ನು ಸರಿಗಟ್ಟಿದರು, 1935 ಮತ್ತು 1936ರಲ್ಲಿ ಸೇರಿ ಎಂಟು ಎನ್‌ಸಿಎಎ ಪಟ್ಟ ಗೆದ್ದರು ಅಂದಾಗ ಟೈಮ್ ಕೇಳುವವರೇ ಇಲ್ಲ. ನಿಮ್ಮ ಓಟಗಾರ್ತಿಗೂ 'ಆ ವರ್ಷ ಕಾನ್ಫರೆನ್ಸ್‌ನಲ್ಲಿ ಎಷ್ಟನೆಯವರು, ಯೂನಿವರ್ಸಿಟಿ ದಾಖಲೆ ಎಷ್ಟು ವರ್ಷ ನಿಂತಿತು, ಯಾರು ಮುರಿದರು' ಅಂತ ಬರೆಯಿರಿ. ಅದು ಹದಿನೈದು ಟೈಮ್‌ಗಳ ಪಟ್ಟಿಗಿಂತ ಮೇಲು.

ಟ್ರ್ಯಾಕ್ ಕೋಚ್‌ಗೆ ಗೆಲುವು-ಸೋಲು ಇಲ್ಲ ಅನ್ನೋದು ಪೂರ್ತಿ ನಿಜವಲ್ಲ. 1970ರ ದಶಕದಲ್ಲಿ ಎರಡೇ ತಂಡಗಳ ಡ್ಯುಯೆಲ್ ಮೀಟ್ ಇನ್ನೂ ನಡೀತಿತ್ತು, ಅದರ ಲೆಕ್ಕ ಸಿಗುತ್ತದೆ. ಅದು ಬಿಟ್ಟರೆ ಪ್ರತಿ ವರ್ಷದ ಕಾನ್ಫರೆನ್ಸ್ ಸ್ಥಾನ ಮತ್ತು ಅಂಕ. ಅಂಕ ಹೋಲಿಸುವಾಗ ಎಷ್ಟು ಸ್ಥಾನಕ್ಕೆ ಅಂಕ ಕೊಟ್ಟಿದ್ದಾರೆ ನೋಡಿ. ಆರು ಸ್ಥಾನಕ್ಕೆ ಮಾತ್ರ 10-8-6-4-2-1 ಕೊಟ್ಟ ಮೀಟ್‌ನ 60 ಅಂಕವೂ ಎಂಟು ಸ್ಥಾನಕ್ಕೆ ಕೊಟ್ಟ ಮೀಟ್‌ನ 60 ಅಂಕವೂ ಒಂದೇ ಅಲ್ಲ. ನಾನಾದರೆ ಒಂದು ಟೇಬಲ್ ಮಾತ್ರ ಹಾಕ್ತಿದ್ದೆ: ಅವರು ಬಂದ ವರ್ಷ ಪ್ರತಿ ಈವೆಂಟ್‌ನ ಯೂನಿವರ್ಸಿಟಿ ದಾಖಲೆ, ಬಿಟ್ಟ ವರ್ಷದ ದಾಖಲೆ, ಅಕ್ಕಪಕ್ಕ. ಎಷ್ಟು ಸಾಲು ಬದಲಾಗಿದೆಯೋ ಅದೇ ಅವರ ಕೆಲಸ.

ನಾಲ್ಕನೇಕ್ವಾರ್ಟರ್:

ಕೋಚ್‌ಗಳ ವಿಷಯಕ್ಕೆ ಸೇರಿಸ್ತೀನಿ. ಬೇರೆ ಕಾಲೇಜಿನ ಕೆಲಸ ಯೂನಿವರ್ಸಿಟಿ ಹಾಲ್‌ಗೆ ಲೆಕ್ಕಕ್ಕಿಲ್ಲ. ಪರಿಚಯದ ಪ್ಯಾರಾದಲ್ಲಿ ಒಂದು ಸಾಲು ಇದ್ದರೆ ಸಾಕು. ಡ್ಯಾನ್ ಗೇಬಲ್ ಉದಾಹರಣೆ ನೋಡಿ. ಕುಸ್ತಿಪಟುವಾಗಿ ಆತ ಅಯೋವಾ ಸ್ಟೇಟ್‌ನವರು, ಕಾಲೇಜು ಕುಸ್ತಿಯಲ್ಲಿ ಸೋತದ್ದು ಒಂದೇ ಸಲ, 1970ರ ಎನ್‌ಸಿಎಎ ಫೈನಲ್‌ನಲ್ಲಿ ವಾಷಿಂಗ್ಟನ್‌ನ ಲ್ಯಾರಿ ಓವಿಂಗ್ಸ್ ಎದುರು. ಕೋಚ್ ಆಗಿ 15 ರಾಷ್ಟ್ರೀಯ ಪಟ್ಟ ತಂದದ್ದು ಯೂನಿವರ್ಸಿಟಿ ಆಫ್ ಅಯೋವಾಗೆ, ಎದುರಾಳಿ ಮನೆಗೆ! ಅಂಥ ಮನುಷ್ಯನಿಗೂ ಎರಡು ಕಡೆ ಎರಡು ಬೇರೆ ಫೈಲ್ ಆಗಬೇಕು. ಆಟ ಒಂದು ಕಡೆ, ತರಬೇತಿ ಇನ್ನೊಂದು ಕಡೆ, ಬೆರೆಸಿದರೆ ಎರಡೂ ತೆಳುವಾಗುತ್ತವೆ.

ರಾಷ್ಟ್ರೀಯ ಮಟ್ಟದ ಹಾಲ್‌ಗಳಲ್ಲಿ ಕೋಚ್‌ಗೆ ಗಟ್ಟಿ ಅಂಕಿ ಇರುತ್ತದೆ. ಕಾಲೇಜ್ ಫುಟ್‌ಬಾಲ್ ಹಾಲ್ ಆಫ್ ಫೇಮ್‌ನದು ಹೆಡ್ ಕೋಚ್ ಆಗಿ ಕನಿಷ್ಠ 10 ವರ್ಷ, 100 ಪಂದ್ಯ, ಗೆಲುವಿನ ಪ್ರಮಾಣ .600 ಅಂತಿತ್ತು. ಕೋಚ್ ಮೈಕ್ ಲೀಚ್ 158 ಗೆಲುವು, 107 ಸೋಲು, ಅಂದರೆ .596, ಕೂದಲೆಳೆಯಲ್ಲಿ ಹೊರಗೆ. 2025ರಲ್ಲಿ ಆ ಗೆರೆಯನ್ನು .595ಕ್ಕೆ ಇಳಿಸಿದರು, 2027ರ ಆಯ್ಕೆಯಿಂದ ಜಾರಿ. ಯೂನಿವರ್ಸಿಟಿ ಹಾಲ್‌ಗಳಲ್ಲಿ ಇಂಥ ಗೆರೆ ಅಪರೂಪ, 'ಇಷ್ಟು ವರ್ಷ ಸೇವೆ, ಗಮನಾರ್ಹ ಯಶಸ್ಸು' ಅಂತ ಸಡಿಲವಾಗಿ ಬಿಟ್ಟಿರುತ್ತಾರೆ. ಆ ಸಡಿಲವೇ ನಿಮಗೆ ಅನುಕೂಲ, ತುಂಬಿಸೋ ಕೆಲಸ ನಿಮ್ಮದು.

ಕಟ್ಟಿದ ಕೋಚ್ ಆದರೆ ಮೊದಲ ವರ್ಷಗಳ ಸೋಲನ್ನು ಮುಚ್ಚಬೇಡಿ. ಜಾನ್ ವುಡನ್ ಯುಸಿಎಲ್‌ಎಗೆ ಬಂದದ್ದು 1948ರಲ್ಲಿ, ಮೊದಲ ರಾಷ್ಟ್ರೀಯ ಪಟ್ಟ 1964ರಲ್ಲಿ, ಹದಿನಾರನೇ ಸೀಸನ್. ಆಮೇಲೆ 1975ರೊಳಗೆ ಒಟ್ಟು ಹತ್ತು. ಬಜೆಟ್, ಸ್ಕಾಲರ್‌ಶಿಪ್ ಸಂಖ್ಯೆ, ಸಹಾಯಕರು ಇದ್ದರಾ ಇಲ್ಲವಾ ಅನ್ನೋದನ್ನು ವರ್ಷದ ಫಲಿತಾಂಶದ ಪಕ್ಕದಲ್ಲೇ ಇಡಿ. ಎಐಎಡಬ್ಲ್ಯೂ 1973ರವರೆಗೆ ಅಥ್ಲೆಟಿಕ್ ಸ್ಕಾಲರ್‌ಶಿಪ್ ಅನ್ನೇ ನಿಷೇಧಿಸಿತ್ತು, ಕೋರ್ಟ್ ಕೇಸ್ ಆದ ಮೇಲೆ ಬಿಟ್ಟಿತು. ಅದಕ್ಕೂ ಹಿಂದಿನ ತಂಡ ಕಟ್ಟಿದ್ದರೆ ಸ್ಕಾಲರ್‌ಶಿಪ್ ಸೊನ್ನೆ ಅಂತ ಬರೆಯೋದೇ ಒಂದು ದೊಡ್ಡ ಅಂಶ.

ಬಾಸ್ಕೆಟ್‌ಬಾಲ್, ಫುಟ್‌ಬಾಲ್ ಕೋಚ್‌ಗಳ ಫೈಲ್ ಮಾಡುವವರು ಈ ಚರ್ಚೆ ಓದ್ತಾ ಇದ್ದರೆ ಅವರಿಗೂ ಒಂದು ಮಾತು: ನಿಯಮ ಮುರಿದದ್ದಕ್ಕೆ 'ವೆಕೇಟ್' ಆದ ಗೆಲುವುಗಳನ್ನು ಒಟ್ಟು ಲೆಕ್ಕಕ್ಕೆ ಹಿಡೀಬೇಡಿ, ಹಾಗಂತ ಹೇಳದೆ ಬಿಟ್ಟೂ ಬಿಡಬೇಡಿ. ವೆಕೇಟ್ ಅಂದರೆ ಗೆದ್ದವರ ಗೆಲುವು ಅಳಿಸುತ್ತಾರೆ, ಸೋತವರ ಸೋಲು ಹಾಗೇ ಇರುತ್ತದೆ. ಫೋರ್‌ಫಿಟ್ ಆದರೆ ಎದುರಾಳಿಗೆ ಗೆಲುವು ಹೋಗುತ್ತದೆ. ಎರಡನ್ನೂ ಕಲಸಿದರೆ ಒಟ್ಟು ಸಂಖ್ಯೆ ತಪ್ಪುತ್ತದೆ. ಮತ್ತೆ ಇದು ಬದಲಾಗುತ್ತಲೂ ಇರುತ್ತದೆ. ಪೆನ್ ಸ್ಟೇಟ್‌ನ ಜೋ ಪಟರ್ನೊ ಗೆಲುವು 2012ರಲ್ಲಿ 409ರಿಂದ 298ಕ್ಕೆ ಇಳಿಯಿತು, 2015ರ ಜನವರಿಯಲ್ಲಿ ವಾಪಸ್ 409. ಲೂಯಿವಿಲ್‌ನ 2013ರ ಬಾಸ್ಕೆಟ್‌ಬಾಲ್ ಪಟ್ಟ 2018ರಲ್ಲಿ ರದ್ದಾಯಿತು. 'ಇಂಥ ದಿನಾಂಕದಂದು ಅಧಿಕೃತ ದಾಖಲೆಯ ಪ್ರಕಾರ' ಅಂತ ಬರೆದರೆ ಬಚಾವ್.

ಬಾಕ್ಸ್‌ಸ್ಕೋರ್:

ಮೇಲಿನದಕ್ಕೆ ಒಂದು ಬಾಲ. ಫುಟ್‌ಬಾಲ್‌ನಲ್ಲಿ ಬೌಲ್ ಪಂದ್ಯಗಳ (ಸೀಸನ್ ಮುಗಿದ ಮೇಲೆ ಆಯ್ದ ತಂಡಗಳು ಆಡುವವು) ಅಂಕಿ 2002ರವರೆಗೆ ಎನ್‌ಸಿಎಎ ವೃತ್ತಿ ಮೊತ್ತಕ್ಕೆ ಸೇರುತ್ತಿರಲಿಲ್ಲ. ವಿಸ್ಕಾನ್ಸಿನ್‌ನ ರಾನ್ ಡೇನ್ 1996-99ರಲ್ಲಿ ಓಡಿದ್ದು ಬೌಲ್ ಸೇರಿ 7,125 ಗಜ, ಅಧಿಕೃತವಾಗಿ 6,397. ಡಾನೆಲ್ ಪಂಫ್ರಿ 2016ರಲ್ಲಿ 6,405ಕ್ಕೆ ಬಂದಾಗ ದಾಖಲೆ ಮುರಿಯಿತು ಅಂತಾಯಿತು, ಯಾಕಂದರೆ ಅವರ ಬೌಲ್ ಪಂದ್ಯಗಳು ಲೆಕ್ಕಕ್ಕಿದ್ದವು. ಯೂನಿವರ್ಸಿಟಿಯ ಸ್ವಂತ ಪಟ್ಟಿ ಯಾವ ಪದ್ಧತಿ ಅನುಸರಿಸಿದೆ ಅಂತ ಕೇಳದೆ ನಾಮಿನಿಯನ್ನು 'ಮೂರನೇ ಸ್ಥಾನ' ಅಂತ ಬರೆದು ಕಳಿಸಬೇಡಿ.

ಸ್ಟಾಪ್‌ವಾಚ್ ಹೇಳಿದ ಒಂದು ಮಾತಿಗೆ ನನ್ನ ಸಹಮತ ಇಲ್ಲ. ಕೋಚ್ ಫೈಲ್‌ನಲ್ಲಿ ಒಂದೇ ಟೇಬಲ್ ಸಾಕಾಗಲ್ಲ. ದಾಖಲೆ ಬದಲಾದದ್ದು ಕೋಚ್‌ನಿಂದಲೋ, ಮಹಿಳಾ ಅಥ್ಲೆಟಿಕ್ಸೇ ಇಡೀ ದೇಶದಲ್ಲಿ ಬೆಳೆದದ್ದರಿಂದಲೋ ಅಂತ ಕಮಿಟಿಯಲ್ಲಿ ಕೇಳಿಯೇ ಕೇಳುತ್ತಾರೆ. ಅದೇ ಅವಧಿಯಲ್ಲಿ ಕಾನ್ಫರೆನ್ಸ್‌ನ ಇತರ ತಂಡಗಳ ಸ್ಥಾನ ಪಕ್ಕದಲ್ಲಿ ಬೇಕು.

ಸ್ಟಾಪ್‌ವಾಚ್:

ಅದು ಸರಿ, ಕಾನ್ಫರೆನ್ಸ್ ಸ್ಥಾನದ ಕಾಲಂ ಸೇರಿಸಿ. ಆದರೆ ಇನ್ನೊಂದು ಟೇಬಲ್ ಬೇಡ.

ಕಂಚಿನಫಲಕ:

ಪತ್ರ ಮತ್ತು ಅಂಕಪಟ್ಟಿಯ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ. ಅಂಕಪಟ್ಟಿ ಸಿಗಲ್ಲ. ವಿದ್ಯಾರ್ಥಿ ದಾಖಲೆಗಳ ಗೋಪ್ಯತೆ ಕಾಯುವ 1974ರ ಫೆರ್ಪಾ ಕಾನೂನಿನಡಿ ವಿದ್ಯಾರ್ಥಿಯ ಲಿಖಿತ ಒಪ್ಪಿಗೆ ಇಲ್ಲದೆ ಅಂಕ, ಜಿಪಿಎ ಹೊರಗೆ ಕೊಡುವಂತಿಲ್ಲ, ಎಷ್ಟು ವರ್ಷ ಹಳೆಯದಾದರೂ. ಆದರೆ 'ಡೈರೆಕ್ಟರಿ ಮಾಹಿತಿ' ಅಂತ ಒಂದು ಭಾಗ ಇದೆ: ಓದಿದ ಅವಧಿ, ಪದವಿ, ಗೌರವಗಳು, ಅಧಿಕೃತ ಕ್ರೀಡೆಯಲ್ಲಿ ಭಾಗವಹಿಸಿದ್ದು. ಇವನ್ನು ಯೂನಿವರ್ಸಿಟಿ ಸಾಮಾನ್ಯವಾಗಿ ದೃಢೀಕರಿಸುತ್ತದೆ. ಆಟಗಾರ್ತಿ ಬದುಕಿದ್ದಾರೆ ತಾನೇ, ಅಂಕ ಬೇಕೇ ಬೇಕಾದರೆ ಅವರೇ ತರಿಸಿ ಕೊಡಲಿ. ನಾಮಿನೇಷನ್ ಗುಟ್ಟಾಗಿಟ್ಟು ಆಮೇಲೆ ಅಚ್ಚರಿ ಕೊಡೋ ಯೋಜನೆ ಇದ್ದರೆ ಬಿಡಿ. ಒಪ್ಪಿಗೆ ಸಹಿ ಕೇಳುವ ನಮೂನೆಗಳೂ ಇವೆ.

ಪತ್ರ ಮೂರರಿಂದ ಐದು. ನಮೂನೆಯಲ್ಲಿ ಮಿತಿ ಇದ್ದರೆ ಅಷ್ಟೇ. ಹತ್ತು ಜನ ಒಂದೇ ಡ್ರಾಫ್ಟ್ ನಕಲು ಮಾಡಿ ಸಹಿ ಹಾಕಿದ್ದು ಮೊದಲ ಎರಡು ಪತ್ರ ಓದುವಷ್ಟರಲ್ಲಿ ಗೊತ್ತಾಗಿಬಿಡುತ್ತದೆ. ಬೇರೆಬೇರೆ ಕಡೆಯಿಂದ ತನ್ನಿ: ಜೊತೆಗೆ ಆಡಿದ ಒಬ್ಬರು, ಎದುರು ತಂಡದ ಕೋಚ್ ಅಥವಾ ಆಟಗಾರ್ತಿ ಒಬ್ಬರು, ಆಗ ವರದಿ ಮಾಡುತ್ತಿದ್ದವರು ಸಿಕ್ಕರೆ ಒಬ್ಬರು. ಎದುರಾಳಿಯ ಪತ್ರಕ್ಕೆ ಬೆಲೆ ಹೆಚ್ಚು. ಪ್ರತಿಯೊಬ್ಬರಿಗೂ ಒಂದೊಂದೇ ವಿಷಯ ಹಂಚಿ, ಒಬ್ಬರು ಒಂದು ಪಂದ್ಯದ ಬಗ್ಗೆ, ಇನ್ನೊಬ್ಬರು ಗಾಯದ ನಂತರ ಮರಳಿದ್ದರ ಬಗ್ಗೆ. ಒಂದು ಪುಟ ದಾಟದಿರಲಿ. 'ಕಠಿಣ ಪರಿಶ್ರಮಿ, ಒಳ್ಳೆಯ ಮನಸ್ಸು' ಅಂತ ಬರೆದ ಪತ್ರ ಯಾರಿಗೆ ಬೇಕಾದರೂ ಹೊಂದುತ್ತದೆ, ಅದಕ್ಕೇ ಯಾರಿಗೂ ಉಪಯೋಗವಿಲ್ಲ. ಕಮಿಟಿ ಸದಸ್ಯರಿಂದ ಪತ್ರ ತರಬೇಡಿ, ಹಿತಾಸಕ್ತಿ ನಿಯಮದಡಿ ಅವರು ಮತದಾನದಿಂದ ಹೊರಗುಳಿಯಬೇಕಾಗಿ ನಿಮಗೇ ಒಂದು ಮತ ನಷ್ಟ.

ಫೋಟೋ ಈಗಲೇ ಹುಡುಕಿ. ಆಯ್ಕೆಯಾದ ಮೇಲೆ ಕೇಳಿದಾಗ ಸಿಗೋದು ಪತ್ರಿಕೆಯ ತುಣುಕು, ಅದನ್ನು ಸ್ಕ್ಯಾನ್ ಮಾಡಿದರೆ ಅಚ್ಚಿನ ಚುಕ್ಕೆಗಳು ಅಲೆಅಲೆಯಾಗಿ ಎದ್ದು ಕಾಣುತ್ತವೆ. ಆರ್ಕೈವ್ಸ್‌ನಲ್ಲಿ ನೆಗೆಟಿವ್ ಕೇಳಿ. 8×10 ಇಂಚಿನ ಮುದ್ರಣಕ್ಕೆ 300 ಡಿಪಿಐ ಅಂದರೆ 2400×3000 ಪಿಕ್ಸೆಲ್ ಬೇಕು. ವಾರ್ಷಿಕ ಸಂಚಿಕೆಯ ಹೆಬ್ಬೆರಳಷ್ಟು ಚಿತ್ರವನ್ನು ಎಷ್ಟು ಹಿಗ್ಗಿಸಿದರೂ ಅಷ್ಟು ವಿವರ ಅದರಲ್ಲಿ ಇರಲ್ಲ. ಫಲಕದ ಮೇಲಿನ ಬರಹದ ಕರಡನ್ನು ಆಟಗಾರ್ತಿ, ಕೋಚ್ ಕುಟುಂಬ ಇಬ್ಬರಿಗೂ ತೋರಿಸಿ ಹೆಸರಿನ ಕಾಗುಣಿತಕ್ಕೆ ಲಿಖಿತ ಒಪ್ಪಿಗೆ ತಗೊಳ್ಳಿ, ಮದುವೆಗೆ ಮುಂಚಿನ ಹೆಸರು ಎಲ್ಲಿ ಬರಬೇಕು ಅನ್ನೋದೂ ಸೇರಿ. ಎರಕ ಹೊಯ್ದ ಮೇಲೆ ತಿದ್ದುವುದು ಅಂದರೆ ಹೊಸ ಫಲಕವೇ.

ಸಮಾರಂಭಕ್ಕೆ ಬರಲೇಬೇಕು, ಬಾರದಿದ್ದರೆ ಮುಂದಿನ ವರ್ಷಕ್ಕೆ ಅನ್ನೋ ನಿಯಮ ಇದೆಯಾ ನೋಡಿ. ಎಲ್ಲ ಕಡೆ ಇಲ್ಲ. ಇಂಡಿಯಾನಾ ಯೂನಿವರ್ಸಿಟಿ 2009ರಲ್ಲಿ ಬಾಬ್ ನೈಟ್‌ರನ್ನು ಸೇರಿಸಿಕೊಂಡಾಗ ಅವರು ಬರಲಿಲ್ಲ, ಆದರೂ ಸೇರ್ಪಡೆ ನಡೆಯಿತು. ತೀರಿಕೊಂಡ ಕೋಚ್ ಪರವಾಗಿ ಯಾರು ಸ್ವೀಕರಿಸುತ್ತಾರೆ ಅಂತ ಕುಟುಂಬದವರಿಂದ ಒಂದು ಹೆಸರು ಮೊದಲೇ ಬರೆಸಿಕೊಳ್ಳಿ.

ಹಳೇಬ್ಯಾಚು:

ಬಹಳ ಉಪಕಾರವಾಯಿತು. ಕೊನೆಯ ಪ್ರಶ್ನೆ: ಇಬ್ಬರ ಹೆಸರನ್ನೂ ಒಂದೇ ವರ್ಷ ಕಳಿಸೋದಾ, ಬೇರೆಬೇರೆ ವರ್ಷವಾ? ಆ ತಂಡವನ್ನೇ ಒಟ್ಟಾಗಿ ಕಳಿಸೋಣ ಅಂತಲೂ ಕೆಲವರು ಹೇಳ್ತಿದ್ದಾರೆ.

ಬೈಲಾಭಟ್ಟ:

ತಂಡದ ವಿಭಾಗ ಇದ್ದರೂ ಅದನ್ನು ಮೊದಲು ಮುಟ್ಟಬೇಡಿ. 1972ರಿಂದ 1974ರವರೆಗೆ ಸತತ ಮೂರು ಎಐಎಡಬ್ಲ್ಯೂ ಪಟ್ಟ ಗೆದ್ದ ಇಮ್ಯಾಕ್ಯುಲೇಟಾ ಕಾಲೇಜಿನ ತಂಡವನ್ನು ನೇಸ್ಮಿತ್ ಬಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್ 2014ರಲ್ಲಿ ತಂಡವಾಗಿಯೇ ಸೇರಿಸಿಕೊಂಡಿತು, ಅಲ್ಲಿ ಸಾಧನೆಯೇ ತಂಡದ್ದು. ನಿಮ್ಮಲ್ಲಿ ರಾಷ್ಟ್ರೀಯ ಪಟ್ಟ ಇಲ್ಲ ಅಂದರೆ ತಂಡದ ಅರ್ಜಿ ದುರ್ಬಲ. ಮೇಲಾಗಿ ತಂಡ ಆಯ್ಕೆಯಾದರೆ 'ಆಕೆ ಈಗಾಗಲೇ ಇದ್ದಾರಲ್ಲ' ಅಂತ ವ್ಯಕ್ತಿಗತ ಅರ್ಜಿ ಹಿಂದೆ ಸರಿಯುವುದುಂಟು.

ಇಬ್ಬರದೂ ಬೇರೆ ವಿಭಾಗ, ಹಾಗಾಗಿ ಮತ ಹಂಚಿಹೋಗಲ್ಲ ಅಂತ ಅನ್ನಿಸಬಹುದು. ಒಂದೇ ಮತಪತ್ರದಲ್ಲಿ ಆರು ಹೆಸರು ಅಂತಿದ್ದರೆ ಹಂಚಿಹೋಗುತ್ತದೆ. ವಿಭಾಗಕ್ಕೊಂದು ಮತಪತ್ರ ಇದ್ದರೆ ಇಬ್ಬರನ್ನೂ ಈ ವರ್ಷವೇ ಕಳಿಸಿ. ಒಂದೇ ಮತಪತ್ರ ಆದರೆ ಮೊದಲು ಆಟಗಾರ್ತಿ, ಅದೂ ಲೆಟರ್ ವಿಷಯ ಇತ್ಯರ್ಥವಾದ ಮೇಲೆ. ಕೋಚ್ ಫೈಲ್‌ಗೆ ಆಕೆಯದೇ ಒಂದು ಪತ್ರ ಮುಂದಿನ ವರ್ಷ ಸೇರುತ್ತದೆ, ಹಾಲ್ ಆಫ್ ಫೇಮ್ ಸದಸ್ಯೆ ಅಂತ ಸಹಿಯ ಕೆಳಗೆ ಬರೆದು.